ಬಾಗಿಲಲ್ಲಿ ನಿಂತ ಸಾಕ್ಷಿ

ಜೂನ್ 11, 2024, ಮಂಗಳವಾರ

ಇಂದು ಕೋರ್ಟಿಗೆ ಹೋಗಿದ್ದೆ. ನನಗೆ ಅಲ್ಲಿ ವ್ಯಾಜ್ಯವೇನೂ ಇಲ್ಲ. ಕುಣಿಗಲ್ ಸೀಮೆಯ ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ಬಳಿ ಕನ್ನಡ ಕಲಿತ ಅಶ್ವಥ್ ಅವರು ಸಿವಿಲ್ ನ್ಯಾಯಾಧೀಶರಾಗಿ ಇಲ್ಲಿಗೆ ವರ್ಗವಾಗಿ ಬಂದು ಎರಡು ತಿಂಗಳಾಯಿತು. ಪೀಠದ ಮೇಲೆ ಕುಳಿತ ಶಿಷ್ಯನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯನ್ನು ಈ ವಯಸ್ಸಿನಲ್ಲಿ ಚಾಪಲ್ಯವೆನ್ನಬಹುದು. ಆದರೂ ಇಸ್ತ್ರಿ ಮಾಡಿದ ಬಿಳಿಯ ಅಂಗಿ ಧರಿಸಿ ಹತ್ತೂವರೆಗೇ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ಹೊರಗಿನ ಸೂಚನಾಫಲಕದಲ್ಲಿ ಐದು ತಪ್ಪುಗಳಿದ್ದವು. ಅವುಗಳನ್ನು ಪಟ್ಟಿ ಮಾಡಿಕೊಂಡಿದ್ದೇನೆ. ಶಿರಸ್ತೇದಾರರಿಗೆ ಒಂದು ಪತ್ರ ಬರೆಯಬೇಕು.

ಅಶ್ವಥ್ ಅವರ ಕನ್ನಡ ಕೇಳಿ ಮನಸ್ಸು ತುಂಬಿತು. ಒಂದು ಉಚ್ಚಾರವೂ ಜಾರಲಿಲ್ಲ. ಯಾರೇ ಆಗಲಿ ತಲೆಯಾಡಿಸಿ ಉತ್ತರಿಸಿದರೆ ಬಿಡುವುದಿಲ್ಲ. 'ಪೂರ್ತಿ ವಾಕ್ಯದಲ್ಲಿ ಹೇಳಬೇಕು' ಎನ್ನುತ್ತಾರೆ. ನನ್ನ ತರಗತಿಯ ನಿಯಮವೇ ಅದು. ವಕೀಲರೊಬ್ಬರು ಮೇಜಿಗೆ ಒರಗಿ ನಿಂತದ್ದಕ್ಕೆ ಅವರನ್ನು ಹೊರಗೆ ಕಳುಹಿಸಿ, ಮತ್ತೆ ಒಳಗೆ ಬರಮಾಡಿಕೊಂಡರು. ಅದೂ ನನ್ನದೇ ಕ್ರಮ.

ಹನ್ನೊಂದರ ಸುಮಾರಿಗೆ ದಾರಿಯ ಹಕ್ಕಿನ ದಾವೆಯೊಂದು ಬಂತು. ತನ್ನ ರೇಷ್ಮೆ ನೂಲಿನ ಶೆಡ್ಡಿಗೆ ಹೋಗುವ ಓಣಿಯನ್ನು ಪಕ್ಕದವರು ಮುಚ್ಚಿದ್ದಾರೆಂದು ಮುದುಕಿಯೊಬ್ಬಳು ಹೂಡಿದ್ದ ದಾವೆ. ಒಲೆಯ ಮುಂದಿನಿಂದ ನೇರವಾಗಿ ಎದ್ದು ಬಂದಿದ್ದಳೆಂದು ತೋರುತ್ತದೆ; ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆ ಕೋರ್ಟ್ ಹಾಲಿನೊಳಗೆ ಹರಡಿತು. ನ್ಯಾಯಾಧೀಶರು ಅವಳನ್ನು ಸಾಕ್ಷಿಕಟ್ಟೆಗೆ ಕರೆಯದೆ ಬಾಗಿಲಲ್ಲೇ ನಿಲ್ಲಿಸಿದರು. ಅವಳು ಅಲ್ಲಿಂದಲೇ ಕೂಗಿ ಹೇಳಿಕೆ ಕೊಟ್ಟಳು. ಪೂರ್ತಿ ವಾಕ್ಯ ಬರಲಿಲ್ಲವೆಂದು ಕೆಲವು ಉತ್ತರಗಳನ್ನು ಮೂರು ಮೂರು ಬಾರಿ ಹೇಳಿಸಿದರು. ಊಟದ ವಿರಾಮದವರೆಗೂ ಅವಳು ಅಲ್ಲಿಯೇ ನಿಂತಿದ್ದಳು. ಪಾಟಿ ಸವಾಲನ್ನು ಮುಂದಕ್ಕೆ ಹಾಕಿದರು.

ಅವಳನ್ನು ಬಾಗಿಲಲ್ಲಿ ನಿಲ್ಲಿಸುವಾಗ ನ್ಯಾಯಾಧೀಶರು ಒಂದು ಮಾತು ಆಡಿದರು. ಹಾಲಿನಲ್ಲಿದ್ದವರು ನಕ್ಕರು. ಮಾತು ಸ್ವಲ್ಪ ಒರಟಾಗಿತ್ತು, ಇಲ್ಲಿ ಬರೆದಿಡುವಂಥದ್ದಲ್ಲ.

ಒಟ್ಟಿನಲ್ಲಿ ಶಿಸ್ತಿನ ನ್ಯಾಯಾಲಯ. ಭೇಟಿಯಾಗಲು ಅವಕಾಶವಾಗಲಿಲ್ಲ.


ಜೂನ್ 12, ಬುಧವಾರ

ನಿನ್ನೆಯ ವಿಷಯವನ್ನು ಶಿವಲಿಂಗಮ್ಮನಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, 'ಅಂಗಾರೆ ಆ ಮುದ್ಕಿ ಎಷ್ಟೊತ್ತಿನ್ ತಂಕ ನಿಂತಿದ್ಲು?' ಎಂದಳು. ಮದುವೆಯಾಗಿ ನಲವತ್ತನಾಲ್ಕು ವರ್ಷವಾದರೂ ತವರೂರು ಕೈಲಾಂಚದ ಮಾತು ಇವಳ ನಾಲಗೆಯಿಂದ ಇಳಿದಿಲ್ಲ. ಊಟದ ವಿರಾಮದವರೆಗೆ ಎಂದೆ.

'ನಮ್ಮಪ್ಪನ ಮನೇಲಿ ಹಣ್ಣಾದ್ ರೇಷ್ಮೆ ಹುಳದ್ ತಟ್ಟೆ ಪಕ್ಕದಲ್ಲೇ ಮನೀಕತಿದ್ವಿ. ನಾನೂ ನಾರ್ತಿದ್ದೆ. ನೀವೇನು ಬಾಗ್ಲಲ್ ನಿಲ್ಸಿದ್ರಾ?'

ಆಮೇಲೆ, ಎಲ್ಲರೂ ನಕ್ಕರು ಎಂದಿರಲ್ಲ, ನೀವೂ ನಕ್ಕಿರಾ ಎಂದು ಕೇಳಿದಳು. ಅನಾವಶ್ಯಕ ಪ್ರಶ್ನೆ.


ಜೂನ್ 23, ಭಾನುವಾರ

ಇಕ್ರಾ ಬಂದಿದ್ದಳು. ಸ್ಪರ್ಧಾತ್ಮಕ ಪರೀಕ್ಷೆಗೆಂದು ವಾರಕ್ಕೆ ಎರಡು ದಿನ ನನ್ನ ಬಳಿ ಕನ್ನಡ ಪ್ರಬಂಧ ಕಲಿಯುವ ಹುಡುಗಿ. ಇಂದು ಪಾಠದ ದಿನವಲ್ಲ. ಹಿಂದೆ ಅವಳ ಅಜ್ಜಿ ನಿಂತಿದ್ದಳು. ನೋಡಿದೊಡನೆ ಗುರುತು ಹತ್ತಿತು. ಕೋರ್ಟಿನ ಬಾಗಿಲಲ್ಲಿ ನಿಂತಿದ್ದ ಮುದುಕಿಯೇ ಇಕ್ರಾಳ ಅಜ್ಜಿ, ಗುಲ್ಜಾರ್ ಬೀ.

ಒಳಗೆ ಬನ್ನಿ ಎಂದರೂ ಆಕೆ ಹೊಸ್ತಿಲು ದಾಟಲಿಲ್ಲ. ಅಂದಿನಿಂದ ಅಜ್ಜಿ ಯಾರ ಮನೆಯೊಳಗೂ ಹೋಗುತ್ತಿಲ್ಲವೆಂದೂ, ಸಂಬಂಧಿಕರ ನಿಶ್ಚಿತಾರ್ಥಕ್ಕೆ ಹೋಗಿ ಹೊರಗಿನ ಕುರ್ಚಿಯಲ್ಲೇ ಕುಳಿತು ಎದ್ದು ಬಂದಳೆಂದೂ ಇಕ್ರಾ ಹೇಳಿದಳು. ದಿನಕ್ಕೆ ನಾಲ್ಕು ಬಾರಿ ನಿಂಬೆಹಣ್ಣು ಹಚ್ಚಿ ಕೈ ತೊಳೆಯುತ್ತಾಳಂತೆ. ಪಾಟಿ ಸವಾಲಿಗೆ ಅದೇ ಹಾಲಿಗೆ ಮತ್ತೆ ಹೋಗಲಾರೆ ಎನ್ನುತ್ತಾಳಂತೆ. ಹೋಗದಿದ್ದರೆ ಅವಳು ಕೊಟ್ಟ ಹೇಳಿಕೆಗೆ ಬೆಲೆ ಇರುವುದಿಲ್ಲ, ಓಣಿ ಹೋದಂತೆಯೇ, ಓಣಿ ಹೋದರೆ ಶೆಡ್ಡಿಗೆ ಗೂಡಿನ ಮೂಟೆ ತರುವ ದಾರಿ ಇಲ್ಲ.

ಆದ್ದರಿಂದ ನ್ಯಾಯಾಧೀಶರ ವರ್ತನೆಯ ಮೇಲೆ ಹೈಕೋರ್ಟಿಗೆ ದೂರು ಕೊಡುತ್ತಾರಂತೆ. ಪ್ರಮಾಣ ಮಾಡಿದ ಅಫಿಡವಿಟ್ಟು ಜೊತೆಗಿಲ್ಲದಿದ್ದರೆ ಅಲ್ಲಿ ದೂರನ್ನು ತೆಗೆದುಕೊಳ್ಳುವುದಿಲ್ಲ. ಸ್ಥಳೀಯ ವಕೀಲರು ಯಾರೂ ಕೈ ಹಾಕಲು ಒಪ್ಪಿಲ್ಲ. ನಾಳೆ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಾದವರು ಅವರು. ಅಜ್ಜಿ ಹೇಳಿದ್ದನ್ನು ಇಕ್ರಾ ಮೂರು ಉದ್ದ ಹಾಳೆಗಳಲ್ಲಿ ಬರೆದು ತಂದಿದ್ದಳು. 'ನೀವು ತಿದ್ದಿಕೊಡಬೇಕು ಸರ್. ನಿಮ್ಮ ಕೈ ದಾಟಿದರೆ ಅದರಲ್ಲಿ ಯಾರೂ ತಪ್ಪು ಹುಡುಕೋಕ್ಕಾಗಲ್ಲ.'

ನ್ಯಾಯಾಧೀಶರು ನನ್ನ ಶಿಷ್ಯರೆಂದು ಹೇಳಿದೆ. ಹೇಳುವುದು ಧರ್ಮವಾಗಿತ್ತು. ಇಕ್ರಾ ಅಜ್ಜಿಯ ಮುಖ ನೋಡಿದಳು. ಗುಲ್ಜಾರ್ ಬೀ ಹೊರಗಿನಿಂದಲೇ, 'ಗೊತ್ತಾಯ್ತು ಬುಡಿ ಮೇಷ್ಟ್ರೇ, ನೀವು ಬರೀರಿ' ಎಂದಳು.

ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತೆ. ಬರಹ ಶೋಚನೀಯವಾಗಿತ್ತು. ನ್ಯಾಯಾಧೀಶರು ಆಡಿದ ಮಾತನ್ನು ಹಾಗೆಯೇ ಇಳಿಸಿದ್ದಳು. ಉಚ್ಚ ನ್ಯಾಯಾಲಯದ ಮೇಜಿನ ಮೇಲೆ ಹೋಗುವ ಪತ್ರದಲ್ಲಿ ಅಂಥ ಪದಗಳು ಸಲ್ಲವೆಂದು ಅಡ್ಡಗೆರೆ ಎಳೆದು, 'ಅನುಚಿತ ಪದಗಳಿಂದ ಸಂಬೋಧಿಸಿದರು' ಎಂದು ಮೇಲೆ ಬರೆದೆ. 'ಬಾಗ್ಲಲ್ಲಿ ಎರಡು ಗಂಟೆ ನಿಲ್ಸಿದ್ರು' ಎಂಬಲ್ಲಿ 'ಸಾಕ್ಷಿಗೆ ಸೂಕ್ತ ಸ್ಥಳಾವಕಾಶ ಒದಗಿಸಲಿಲ್ಲ' ಎಂದಾಯಿತು. ಅಂದು ಹಾಲಿನಲ್ಲಿದ್ದವರ ಪೈಕಿ ನನ್ನ ಹೆಸರೂ ಇತ್ತು; ಮೊಮ್ಮಗಳ ಮೇಷ್ಟ್ರೆಂದು ಅಜ್ಜಿ ಅಂದೇ ಗುರುತಿಸಿದ್ದಳಂತೆ. ವ್ಯಕ್ತಿಗಳ ಹೆಸರು ಅಗತ್ಯವಿಲ್ಲವೆಂದು ತೆಗೆದು 'ಹಲವರು' ಎಂದು ಹಾಕಿದೆ.

ತಿದ್ದಿದ್ದನ್ನು ಓದಿ ಹೇಳಿದಾಗ ಗುಲ್ಜಾರ್ ಬೀ ಕೇಳಿದಳು: 'ನನ್ ಇಜ್ಜತ್ ಹೋಗಿದ್ದೇ ಆ ಮಾತಲ್ಲಿ. ಆ ಮಾತೇ ತೆಗೆದ್ಬುಟ್ರೆ ಇನ್ನೇನ್ ಉಳೀತದೆ ಮೇಷ್ಟ್ರೇ?'

ಗಾಂಭೀರ್ಯ ಉಳಿಯುತ್ತದೆ ಎಂದೆ.

ಇಕ್ರಾ ನಕಲು ಮಾಡಿಕೊಂಡು, ಕೆಂಪು ಗೆರೆಗಳ ಮೂಲ ಹಾಳೆಗಳನ್ನು ಇಲ್ಲಿಯೇ ಬಿಟ್ಟುಹೋದಳು. ಅಜ್ಜಿ ಹೋದ ಮೇಲೆ ಶಿವಲಿಂಗಮ್ಮ ಹೊಸ್ತಿಲ ಬಳಿ ಇಟ್ಟಿದ್ದ ಕಾಫಿಯ ಲೋಟವನ್ನು ಎತ್ತಿಕೊಂಡು ಬಂದಳು. ಆಕೆ ಅದನ್ನು ಮುಟ್ಟಿರಲಿಲ್ಲ.


ಜೂನ್ 26, ಬುಧವಾರ

ನೋಟರಿಯ ಮುಂದೆ ಪ್ರಮಾಣವಾಗಿ, ದೂರು ನೋಂದಾಯಿತ ಅಂಚೆಯಲ್ಲಿ ಹೋಯಿತಂತೆ. ಭಾಷೆಯ ದೃಷ್ಟಿಯಿಂದ ನಿರ್ದುಷ್ಟವಾದ ಪತ್ರ. ಶಿರಸ್ತೇದಾರರಿಗೆ ಸೂಚನಾಫಲಕದ ಬಗ್ಗೆ ಬರೆಯಬೇಕೆಂದುಕೊಂಡಿದ್ದೆ, ಬರೆಯಲಿಲ್ಲ.


ಆಗಸ್ಟ್ 9, ಶುಕ್ರವಾರ

ಬೆಳಗ್ಗೆ ಎಂಟಕ್ಕೆ ದೂರವಾಣಿ. ಅಶ್ವಥ್. ನನ್ನ ನಂಬರನ್ನು ಹಳೆಯ ಸಹಪಾಠಿಗಳಿಂದ ಪಡೆದರಂತೆ. ಯಾರೋ ದೂರು ಕೊಟ್ಟಿರುವುದು ಕಿವಿಗೆ ಬಿದ್ದಿದೆಯಂತೆ, ವಿವರ ತಿಳಿಯದಂತೆ. ಅದನ್ನು ತಿದ್ದಿಕೊಟ್ಟವನು ನಾನೆಂದು ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಅವರು ಏನನ್ನೂ ಬೇಡಲು ಕರೆ ಮಾಡಿರಲಿಲ್ಲ. ಅದನ್ನು ಇಲ್ಲಿ ನ್ಯಾಯವಾಗಿ ದಾಖಲಿಸಬೇಕು. ಹೇಳಿದ್ದು ಇಷ್ಟು: ಅಂದು ನಾನು ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತದ್ದನ್ನು ಪೀಠದಿಂದಲೇ ನೋಡಿದರಂತೆ. ಎದ್ದು ನಿಲ್ಲಬೇಕೆನ್ನಿಸಿತಂತೆ. ನಿಲ್ಲುವಂತಿಲ್ಲವಲ್ಲ. ಹಾಗಾಗಿ ಅಂದು ಎಲ್ಲವನ್ನೂ ಇನ್ನಷ್ಟು ಕಟ್ಟುನಿಟ್ಟಾಗಿ ನಡೆಸಿದರಂತೆ.

'ನಿಮಗೆ ಕೇಳಿಸಲಿ ಅಂತಾನೇ ಸರ್. ಆ ಹೆಂಗಸಿಗೆ ನಾನು ಹೇಳಿದ ಮಾತಿಗೆ ನೀವು ನಕ್ಕಿರಲ್ಲ, ನೋಡಿದೆ. ತರಗತಿಯಲ್ಲಿ ಮೂರು ವರ್ಷ ನಿಮ್ಮನ್ನ ನಗಿಸೋಕೆ ಯಾರಿಗೂ ಆಗಿರಲಿಲ್ಲ.'

ಅವರು ತಾವಾಗಿಯೇ ಮುಂದುವರಿಸಿದರು. ಎಂಟನೆಯ ತರಗತಿಯಲ್ಲಿದ್ದಾಗ ಬೆಳಗ್ಗೆ ಕೊಟ್ಟಿಗೆ ಬಾಚಿ, ಕೈಕಾಲು ತೊಳೆದು, ಬಟ್ಟೆ ಬದಲಿಸಲು ಬೇರೆ ಜೊತೆ ಇಲ್ಲದೆ ಹಾಗೆಯೇ ಶಾಲೆಗೆ ಓಡಿಬರುತ್ತಿದ್ದರಂತೆ. ನಾನು ಅವರನ್ನು ಬಾಗಿಲ ಬಳಿ ನಿಲ್ಲಿಸುತ್ತಿದ್ದೆನಂತೆ. ಒಂದು ದಿನವಲ್ಲ, ಒಂದು ಮಳೆಗಾಲ ಪೂರ್ತಿ. ಪದ್ಯ ಒಪ್ಪಿಸುವುದಿದ್ದರೆ ಅಲ್ಲಿಂದಲೇ ಗಟ್ಟಿಯಾಗಿ ಒಪ್ಪಿಸಬೇಕಿತ್ತಂತೆ.

'ಅವತ್ತು ನೀವು ಹಾಗೆ ನಿಲ್ಲಿಸದೇ ಹೋಗಿದ್ರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ ಸರ್. ಹಟ ಬಂದಿದ್ದೇ ಅಲ್ಲಿಂದ. ಎಲ್ಲರಿಗೂ ಹೇಳ್ತೀನಿ ಇದನ್ನ.'

ಕೃತಜ್ಞತೆಯಿಂದ ಹೇಳಿದರು. ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಚೆನ್ನಾಗಿರಪ್ಪ ಎಂದು ಹೇಳಿ ಇಟ್ಟೆ.


ಆಗಸ್ಟ್ 10, ಶನಿವಾರ

ನೆನಪಿಗೆ ಬರುತ್ತಿಲ್ಲ. ಆ ಶಾಲೆ, ಆ ಕೊಠಡಿ, ಬಾಗಿಲ ಪಕ್ಕದ ನಲ್ಲಿ ಎಲ್ಲವೂ ನೆನಪಿದೆ. ಅಲ್ಲಿ ಹುಡುಗನೊಬ್ಬ ನಿಂತಿದ್ದುದು ಮಾತ್ರ ಇಲ್ಲ. ಎಷ್ಟು ಹುಡುಗರನ್ನು ನಿಲ್ಲಿಸಿದ್ದರೆ ಒಬ್ಬನೂ ನೆನಪಿನಲ್ಲಿ ಉಳಿಯದೆ ಹೋಗುತ್ತಾನೆ?


ಸೆಪ್ಟೆಂಬರ್ 17, ಮಂಗಳವಾರ

ಹೈಕೋರ್ಟಿನವರು ವಿಚಾರಣೆಯನ್ನು ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಒಪ್ಪಿಸಿದ್ದಾರೆ. ಇಂದು ಗುಲ್ಜಾರ್ ಬೀ ಅವರನ್ನು ಕೊಠಡಿಗೆ ಕರೆಸಿ ಹೇಳಿಕೆ ಪಡೆದರು. ಸಂಜೆ ಇಕ್ರಾ ಬಂದಳು. ಪುಸ್ತಕ ತಂದಿರಲಿಲ್ಲ.

ಅಜ್ಜಿ ಎಲ್ಲವನ್ನೂ ಹೇಳಿದರಂತೆ. ಆಡಿದ ಮಾತನ್ನು ಅಕ್ಷರ ಬಿಡದೆ ಹೇಳಿದರಂತೆ. ಜಿಲ್ಲಾ ನ್ಯಾಯಾಧೀಶರು, ಅವರೂ ಹೆಂಗಸೇ, ಅಫಿಡವಿಟ್ಟನ್ನು ಎರಡು ಬಾರಿ ತಿರುವಿ ನೋಡಿದರಂತೆ. ಇಷ್ಟು ಗಂಭೀರವಾದ ಮಾತನ್ನು ಪ್ರಮಾಣ ಮಾಡಿ ಬರೆದ ಪತ್ರದಲ್ಲಿ ಏಕೆ ಹೇಳಲಿಲ್ಲ, ಈಗ ಮೂರು ತಿಂಗಳಾದ ಮೇಲೆ ಹೊಸದಾಗಿ ಸೇರಿಸುತ್ತಿದ್ದೀರಾ ಎಂದು ಕೇಳಿದರಂತೆ. ಬಾಗಿಲಲ್ಲಿ ಎರಡು ಗಂಟೆ ನಿಲ್ಲಿಸಿದರು ಎಂಬುದೂ ಪತ್ರದಲ್ಲಿಲ್ಲ. ಸ್ಥಳಾವಕಾಶ ಒದಗಿಸಲಿಲ್ಲ ಎಂದಿದೆ. ಕುರ್ಚಿ ಖಾಲಿ ಇರದಿದ್ದರೂ ಹಾಗೆಯೇ ಬರೆಯಬಹುದಲ್ಲ ಎಂದರಂತೆ. ಹೆಸರಿಸಿದ ಸಾಕ್ಷಿಗಳು ಒಬ್ಬರೂ ಇಲ್ಲ. ಬೇರೆ ಆಧಾರವಿದ್ದರೆ ಹತ್ತು ದಿನಗಳೊಳಗೆ ಹಾಜರುಪಡಿಸಿ, ಇಲ್ಲವಾದರೆ ದೂರನ್ನು ಮುಕ್ತಾಯಗೊಳಿಸಲು ವರದಿ ಹೋಗುತ್ತದೆ ಎಂದರಂತೆ.

'ಅಜ್ಜಿ ಏನು ಹೇಳಿದರು?' ಎಂದು ಕೇಳಿದೆ.

'ಏನೂ ಹೇಳ್ಲಿಲ್ಲ ಸರ್. ನಿಮ್ಮ ಹೆಸರು ಹೇಳಬಹುದಿತ್ತು. ಹೇಳ್ಲಿಲ್ಲ. ಆಚೆ ಬಂದ್ಮೇಲೆ ನಾನು ಕೇಳಿದೆ, ಯಾಕಜ್ಜಿ ಅಂತ. ಮೇಷ್ಟ್ರು ಅವರಾಗೇ ಬರ್ಬೇಕು, ಎಳ್ಕೊಂಡ್ ಬಂದ್ರೆ ಆ ಸಾಕ್ಷಿ ನಿಲ್ಲಲ್ಲ ಅಂದ್ರು.'

ಹುಡುಗಿ ನನ್ನ ಮೇಲೆ ಕೋಪಗೊಳ್ಳಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ, ದೂರು ಬಿದ್ದುಹೋದರೆ ಅಜ್ಜಿ ಅದೇ ನ್ಯಾಯಾಧೀಶರ ಮುಂದೆ ಹೋಗಬೇಕು ಸರ್, ದೂರು ಕೊಟ್ಟವಳಾಗಿ, ಎಂದಳು.


ಸೆಪ್ಟೆಂಬರ್ 18, ಬುಧವಾರ

ಆ ಮೂರು ಹಾಳೆಗಳು ಕಪಾಟಿನಲ್ಲೇ ಇವೆ. ಮೇಲೆ ಜೂನ್ 23ರ ದಿನಾಂಕವನ್ನು ನಾನೇ ಹಾಕಿದ್ದೇನೆ. ತಿದ್ದಿದ ಪ್ರತಿ ಹಾಳೆಗೂ ದಿನಾಂಕ, ಸಹಿ ಹಾಕುವುದು ನನ್ನ ರೂಢಿ. ಇಕ್ರಾಳ ನೀಲಿ ಅಕ್ಷರದಲ್ಲಿ ಆ ಮಾತು, ಅದರ ಮೇಲೆ ನನ್ನ ಕೆಂಪು ಗೆರೆ, ಅಂಚಿನಲ್ಲಿ 'ಅಸಭ್ಯ. ಬೇಡ.' ಗೆರೆಯ ಕೆಳಗೂ ಮಾತು ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ. ಮೊದಲ ದಿನದಿಂದಲೂ ಆ ಮಾತು ದೂರಿನಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಹಾಳೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಬೆಳಗ್ಗೆಯೆಲ್ಲ ಕುಳಿತಿದ್ದೆ. ಅಶ್ವಥ್‌ಗೆ ಏನಾಗುತ್ತದೆ ಎಂದು ಯೋಚಿಸಿದೆ. ಬಡ್ತಿ ನಿಲ್ಲಬಹುದು, ದಾಖಲೆಯಲ್ಲಿ ಕಪ್ಪು ಗುರುತು ಉಳಿಯಬಹುದು. ಕೊಟ್ಟಿಗೆ ಬಾಚಿ ಬಂದ ಹುಡುಗ. ಅವನ ಮೇಲೆ ಸಾಕ್ಷಿ ಹೇಳಲು ಊರಿನಲ್ಲಿ ನನಗಿಂತ ಅನರ್ಹ ಇನ್ನೊಬ್ಬನಿಲ್ಲ. ಹೀಗೆಂದು ಶಿವಲಿಂಗಮ್ಮನಿಗೆ ಹೇಳಿದೆ.

ಅವಳು ಹಾಳೆಗಳನ್ನು ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಓದಿ ಮುಗಿಸಿ ಕೆಳಗಿಟ್ಟಳು.

'ಆ ಹುಡ್ಗನ್ಗೆ ಇದು ತಪ್ಪು ಕಣಪ್ಪಾ ಅಂತ ಇನ್ನೂ ಯಾರೂ ಹೇಳಿಲ್ಲ. ನಿಮ್ಗೂ ಯಾರೂ ಹೇಳ್ನಿಲ್ಲ. ಅದ್ಕೇ ಇಲ್ಲೀಗಂಟ ಬಂದೈತೆ.'

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಕೇಳಿಸಿತು: 'ಒಸಿ ಉಂಡ್ಕಂಡ್ ಆಮ್ಯಾಕೆ ಯೋಚ್ನೆ ಮಾಡಿ.'


ಸೆಪ್ಟೆಂಬರ್ 20, ಶುಕ್ರವಾರ

ಇದನ್ನು ಯಾರೂ ಓದುವುದಿಲ್ಲ. ಆದರೂ ಮೂರು ತಿಂಗಳಿಂದ ಇಲ್ಲಿಯೂ ಬರೆಯಲಾಗಿಲ್ಲ.

ಅಶ್ವಥ್ ಅಂದು ಆಡಿದ ಮಾತು ಇದು: 'ನಿನಗಿಂತ ಮೊದಲು ನಿನ್ನ ನಾತವೇ ಬಂದು ಸಾಕ್ಷಿ ಹೇಳಿತಲ್ಲಮ್ಮ, ಇನ್ನು ನೀನು ಬೇರೆ ಏಕೆ? ಬಾಗಿಲಲ್ಲೇ ನಿಲ್ಲು.'

ನಾನು ನಕ್ಕೆ. ಹಲ್ಲು ಕಾಣುವಂತೆ ನಕ್ಕೆ. ಆ ಮುದುಕಿಯ ಮೇಲೆ ನನಗೆ ದ್ವೇಷವಿರಲಿಲ್ಲ. ಅವರು ಯಾರೆಂಬುದೂ ಗೊತ್ತಿರಲಿಲ್ಲ. ವಾಕ್ಯ ಚೆನ್ನಾಗಿತ್ತು, ಅದಕ್ಕೆ ನಕ್ಕೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ ಹೇಳಿದ. ನಾನು ಕಲಿಸಿದಂತೆಯೇ ಹೇಳಿದ.


ಸೆಪ್ಟೆಂಬರ್ 26, ಗುರುವಾರ

ಹೋದೆ. ನಾನಾಗಿ ಅರ್ಜಿ ಕೊಟ್ಟಿದ್ದರಿಂದ ಇಂದು ಕರೆದಿದ್ದರು. ಗುಲ್ಜಾರ್ ಬೀ ಅವರೂ ಇಕ್ರಾಳೂ ಬಂದಿದ್ದರು.

ಜಿಲ್ಲಾ ನ್ಯಾಯಾಧೀಶರು ಮೃದುವಾಗಿ ಮಾತನಾಡುವ ಹೆಂಗಸು. ಕುಳಿತುಕೊಳ್ಳಿ ಎಂದರು. ನಿಂತೇ ಹೇಳುತ್ತೇನೆ ಎಂದೆ. ಅಗತ್ಯವಿಲ್ಲ, ಕುಳಿತುಕೊಳ್ಳಿ ಎಂದು ಮತ್ತೊಮ್ಮೆ ಹೇಳಿದಾಗ ಕುಳಿತೆ. ಮೂರು ಹಾಳೆಗಳನ್ನು ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಈ ಕೆಂಪು ಅಕ್ಷರ ಯಾರದೆಂದು ಕೇಳಿದರು. ನನ್ನದು ಎಂದೆ. ಏಕೆ ತೆಗೆದಿರಿ ಎಂದು ಕೇಳಿದರು. ಪತ್ರಕ್ಕೆ ಶೋಭೆ ತರುವುದಿಲ್ಲವೆಂದು ಎಂಬ ಉತ್ತರ ಸಿದ್ಧವಾಗಿತ್ತು. ಅದು ಬಾಯಿಗೆ ಬರಲಿಲ್ಲ.

'ನ್ಯಾಯಾಧೀಶರು ನನ್ನ ವಿದ್ಯಾರ್ಥಿ, ಅದಕ್ಕೆ ತೆಗೆದೆ. ನನ್ನ ಹೆಸರೂ ಇತ್ತು, ಅದನ್ನೂ ತೆಗೆದೆ' ಎಂದೆ.

ಆ ಮಾತು ನನ್ನ ಕಿವಿಗೇ ಬಿದ್ದಿತೇ ಎಂದು ಕೇಳಿದರು. ಬಿದ್ದಿತು ಎಂದೆ. ನೀವಾಗಿ ಹೇಳಿ ಎಂದರು. ಆ ಕೊಠಡಿಯಲ್ಲಿ, ಗುಲ್ಜಾರ್ ಬೀ ಅವರ ಪಕ್ಕದಲ್ಲಿ ಕುಳಿತು, ಆ ಮಾತನ್ನು ನನ್ನ ಬಾಯಿಂದ ಹೇಳಿದೆ. ಸರಿಯಾಗಿ ಕೇಳಿಸಲಿಲ್ಲವೆಂದು ಬರೆದುಕೊಳ್ಳುತ್ತಿದ್ದವರು ಕೈ ತಡೆದರು; ಮೊದಲಿನಿಂದ ಮತ್ತೊಮ್ಮೆ ಹೇಳಬೇಕಾಯಿತು.

'ಹಾಲಿನಲ್ಲಿದ್ದವರು ಏನು ಮಾಡಿದರು?'

'ನಕ್ಕರು.'

'ನೀವು?'

'ನಕ್ಕೆ.'

ಅದನ್ನೂ ಬರೆಸಿದರು. ಕೊನೆಯಲ್ಲಿ, ಆ ಅಧಿಕಾರಿಯ ಬಗ್ಗೆ ಇನ್ನೇನಾದರೂ ಹೇಳುವುದಿದೆಯೇ ಎಂದರು. ಎಂಟನೆಯ ತರಗತಿಯ ಬಾಗಿಲಿನ ವಿಷಯ ಹೇಳಿದೆ. ಅದು ಈ ವಿಚಾರಣೆಗೆ ಸಂಬಂಧಿಸಿದ್ದಲ್ಲ ಎಂದರು. ಸಂಬಂಧಿಸಿದೆ, ದಯವಿಟ್ಟು ಬರೆಸಿ ಎಂದು ಬೇಡಿದೆ. ಅವರು ನನ್ನನ್ನೇ ಒಮ್ಮೆ ನೋಡಿ, ಎರಡು ಸಾಲು ಬರೆಸಿದರು.

ಹೊರಗೆ ಬಂದ ಮೇಲೆ ಇಕ್ರಾ ಆಟೊ ಹುಡುಕಲು ಹೋದಳು. ಹೊಂಗೆಮರದ ಕೆಳಗೆ ಗುಲ್ಜಾರ್ ಬೀ ಅವರೂ ನಾನೂ ಇಬ್ಬರೇ ಉಳಿದೆವು. ಕ್ಷಮೆ ಕೇಳಬೇಕೆಂದು ಮನೆಯಿಂದಲೇ ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ಶುರು ಮಾಡುವ ಮೊದಲೇ ಅವರು ಬೇಡವೆಂದು ಕೈ ಅಲ್ಲಾಡಿಸಿದರು.

'ನೀವು ನಕ್ಕಿದ್ದು ನಂಗೆ ಅವತ್ತೇ ಗೊತ್ತು ಮೇಷ್ಟ್ರೇ. ಬಾಗ್ಲಲ್ ನಿಂತೋರ್ಗೆ ಎಲ್ಲಾರ್ ಬೆನ್ನೂ ಕಾಣ್ತದೆ. ನಿಮ್ ಭುಜ ಹಿಂಗ್ ಹಿಂಗ್ ಕುಣೀತಿತ್ತು.' ತಮ್ಮ ಭುಜವನ್ನು ಕುಣಿಸಿ ತೋರಿಸಿದರು.

ಹಾಗಿದ್ದೂ ನನ್ನ ಮನೆಗೇ ಏಕೆ ಬಂದಿರಿ ಎಂದೆ.

'ಅಳೋರು ಬರ್ಕೊಟ್ರೆ ಮೇಲಿನೋರು ನಂಬಲ್ಲ. ನಕ್ಕೋರು ಬರ್ದ್ರೆ ನಂಬ್ತಾರೆ ಅಂದ್ಕೊಂಡೆ. ನೋಡಿದ್ರೆ ನೀವು ಅದ್ನೂ ತಿದ್ಬುಟ್ರಿ.'

ಅವರು ನಕ್ಕರು. ನನಗೆ ನಗಲಾಗಲಿಲ್ಲ. ಕಟ್ಟಿಕೊಂಡು ಹೋಗಿದ್ದ ವಾಕ್ಯ ಹಾಗೆಯೇ ಉಳಿಯಿತು. ತಪ್ಪಾಯ್ತು ಎಂದಷ್ಟೇ ಅಂದೆ.


ಡಿಸೆಂಬರ್ 12, ಗುರುವಾರ

ಹೈಕೋರ್ಟಿನ ಆದೇಶದ ಸಾರಾಂಶ ಇಕ್ರಾಳ ಕೈಗೆ ಬಂದಿದೆ. ದೂರಿನ ಅಂಶಗಳು ಸಾಬೀತಾಗಿವೆ. ಅಧಿಕಾರಿಗೆ ಲಿಖಿತ ಎಚ್ಚರಿಕೆ. ಅದು ಸೇವಾ ದಾಖಲೆಗೆ ಸೇರುತ್ತದೆ. ನ್ಯಾಯಾಂಗ ಅಕಾಡೆಮಿಯಲ್ಲಿ ಎರಡು ವಾರಗಳ ತರಬೇತಿ. ಅಷ್ಟೇ. ಇಕ್ರಾ, 'ಇಷ್ಟಕ್ಕೆ ಆರು ತಿಂಗಳಾ ಸರ್?' ಎಂದಳು.

ಬೇರೆ ನ್ಯಾಯಾಲಯಕ್ಕೆ ದಾವೆಯನ್ನು ವರ್ಗಾಯಿಸಿಕೊಳ್ಳಬಹುದು ಎಂದು ಯಾರೋ ಹೇಳಿದರಂತೆ. ಗುಲ್ಜಾರ್ ಬೀ ಅವರು ಬೇಡವೆಂದರಂತೆ. ಅದೇ ಹಾಲಿನಲ್ಲೇ ಆಗಬೇಕಂತೆ.

ಅಶ್ವಥ್‌ಗೆ ಪತ್ರ ಬರೆದೆ. ಬಾಗಿಲಲ್ಲಿ ನಿಲ್ಲಿಸಿದ್ದು ನನಗೆ ನೆನಪಿಲ್ಲ ಎಂದೂ, ನೆನಪಿಲ್ಲದಿರುವುದು ನಿಲ್ಲಿಸಿದ್ದಕ್ಕಿಂತ ದೊಡ್ಡ ತಪ್ಪೆಂದೂ, ಅದನ್ನು ಯಾರಿಗೂ ಉಪಕಾರವೆಂದು ಹೇಳಬೇಡವೆಂದೂ ಬರೆದೆ. ಎರಡನೆಯ ಬಾರಿ ಓದದೆ ಅಂಚೆಗೆ ಹಾಕಿದೆ. ಕಾಗುಣಿತದ ತಪ್ಪುಗಳು ಇದ್ದಿರಬಹುದು.

ಉತ್ತರ ಬರಲಾರದು.


ಜನವರಿ 21, 2025, ಮಂಗಳವಾರ

ಇಂದು ಪಾಟಿ ಸವಾಲು. ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಯಿಂದ ಗುಲ್ಜಾರ್ ಬೀ ಅವರು ಒಬ್ಬರೇ ನಡೆದುಬಂದರು. ಬೆಳಗ್ಗೆ ಒಂದು ಬಟ್ಟಿ ಗೂಡು ಬೇಯಿಸಿ ಮುಗಿಸಿಯೇ ಬಂದಿದ್ದರು. ಕೈ ತೊಳೆಯುವುದಕ್ಕೆ ನಿಂಬೆಹಣ್ಣು ಹುಡುಕಲಿಲ್ಲವಂತೆ, ಇಕ್ರಾ ಹೇಳಿದಳು. ಪಕ್ಕದಲ್ಲಿ ಕುಳಿತಾಗ ಆ ವಾಸನೆ ಬಂತು. ಶಿವಲಿಂಗಮ್ಮನ ತವರಿನ ಓಣಿಯಲ್ಲಿ ಹೀಗೆಯೇ ಇರುತ್ತಿತ್ತು.

ಹೆಸರು ಕೂಗಿದರು. ಗುಲ್ಜಾರ್ ಬೀ ಅವರು ಎದ್ದು ನೇರವಾಗಿ ಸಾಕ್ಷಿಕಟ್ಟೆ ಹತ್ತಿ ನಿಂತರು. ಯಾರೂ ನಗಲಿಲ್ಲ. ಅಶ್ವಥ್ ಕಡತದಿಂದ ತಲೆ ಎತ್ತಲಿಲ್ಲ. ಮುಖ ಸೊರಗಿತ್ತು. ಒಮ್ಮೆ ಮಾತ್ರ ಹಿಂದಿನ ಬೆಂಚಿನತ್ತ ನೋಟ ಬಂತು. ನನ್ನ ಮೇಲೆ ನಿಲ್ಲದೆ ದಾಟಿಹೋಯಿತು. ಅವನ ತಪ್ಪಲ್ಲ.

ಎದುರು ಪಕ್ಷದ ವಕೀಲರು ಕೇಳುತ್ತಾ ಹೋದರು. ಅರ್ಧ ಉತ್ತರ, ಕಾಲು ಉತ್ತರ, ಹೂಂ, ಉಹೂಂ. ಯಾರೂ ತಿದ್ದಲಿಲ್ಲ. ನೀವು ಆ ಶೆಡ್ಡಿನಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ವಕೀಲರು ಕೇಳಿದರು.

'ಹುಳ ಬೇಯ್ಸೋದು.'

ಅಶ್ವಥ್ ಬೆರಳಚ್ಚಿನವರಿಗೆ ತಗ್ಗಿದ ಧ್ವನಿಯಲ್ಲಿ ಹೇಳಿದ: 'ರೇಷ್ಮೆ ನೂಲು ಬಿಚ್ಚಾಣಿಕೆಯ ವೃತ್ತಿಯಲ್ಲಿ ತೊಡಗಿರುತ್ತೇನೆ.' ಒಳ್ಳೆಯ ಕನ್ನಡ. ಮರ್ಯಾದೆಯಿಂದಲೇ ಹೇಳಿದ್ದು, ಅದರಲ್ಲಿ ಸಂದೇಹವಿಲ್ಲ. ನಾನಾಗಿದ್ದರೂ ಹಾಗೆಯೇ ಬರೆಸುತ್ತಿದ್ದೆ.

ಗುಲ್ಜಾರ್ ಬೀ ಅವರು ಕಟಕಟೆಯ ಮೇಲೆ ಎರಡೂ ಕೈ ಇಟ್ಟರು. ಬಿಸಿನೀರಿನಲ್ಲಿ ಬೆಂದು ಬಿಳುಪೇರಿದ ಬೆರಳುಗಳು.

'ಅಂಗಲ್ಲ ಸ್ವಾಮಿ. ನಾನ್ ಹೇಳಿದ್ದು ಹಂಗೇ ಬರೀರಿ.'

ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಅಶ್ವಥ್ ತಲೆ ಎತ್ತಿ ಮೊದಲ ಬಾರಿಗೆ ಅವರ ಮುಖ ನೋಡಿದ. ಆಮೇಲೆ ಬೆರಳಚ್ಚಿನವರ ಕಡೆಗೆ ತಿರುಗಿ, 'ಹೊಡೆದುಹಾಕಿ. ಅಮ್ಮ ಹೇಳಿದ ಹಾಗೇ ಬರೀರಿ' ಎಂದ.

ಕೊನೆಗೆ ಹೇಳಿಕೆಯನ್ನು ಓದಿ ಹೇಳಿದರು. ಗುಲ್ಜಾರ್ ಬೀ ಅವರು ಒಂದೊಂದು ಸಾಲಿಗೂ ಹೂಂ ಎನ್ನುತ್ತಿದ್ದರು. ಹುಳ ಬೇಯಿಸುವ ಆ ಸಾಲು ಬಂದಾಗ ಇನ್ನೊಮ್ಮೆ ಓದಿ ಎಂದರು. ಇನ್ನೊಮ್ಮೆ ಓದಿದರು. ಆಮೇಲೆ ಸಹಿ ಹಾಕಿದರು.